ಅರವತ್ತನಾಲ್ಕು ಮನೆಗಳ ಲೆಕ್ಕ

ಚದುರಂಗದ ಹಲಗೆಯ ಮೇಲೆ ಕಾಳುಗಳನ್ನು ಇರಿಸಿದ ಜಾಣನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆಟವನ್ನು ಕಂಡುಹಿಡಿದವನಿಗೆ ಅರಸನು ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದನಂತೆ. ಆತ ಹೊನ್ನನ್ನು ಬೇಡಲಿಲ್ಲ, ಊರುಗಳ ಉಂಬಳಿಯನ್ನು ಬೇಡಲಿಲ್ಲ. “ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಸುತ್ತ ಅರವತ್ತನಾಲ್ಕು ಮನೆಗಳನ್ನೂ ತುಂಬಿಸಿಕೊಟ್ಟರೆ ಸಾಕು, ಮಹಾಪ್ರಭು” ಎಂದನಂತೆ. ಅರಸನು ನಕ್ಕನು; ಉಗ್ರಾಣದವನನ್ನು ಕರೆಸಿದನು; ಲೆಕ್ಕ ಮುಂದುವರಿದಂತೆ ನಗೆ ಅಡಗಿತು. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಕೇಳಿದ ಮಕ್ಕಳು “ಅಬ್ಬಾ, ಎಷ್ಟು ದೊಡ್ಡ ಸಂಖ್ಯೆ!” ಎಂದು ಬೆರಗಾಗಿ ಮಲಗಲು ಹೋಗುತ್ತಾರೆ.

ಆದರೆ ದೊಡ್ಡದು ಎಂಬುದು ಒಂದು ಸಂಖ್ಯೆಯನ್ನು ಕುರಿತು ಆಡಬಹುದಾದ ಅತ್ಯಂತ ಬಡ ಮಾತು. ಮನೆಗೆ ಬಂದ ಹೊಸ ಬೀಗರನ್ನು “ಇವರು ಬಹಳ ಎತ್ತರದವರು” ಎಂದಷ್ಟೇ ಹೇಳಿ ಯಾರೂ ಪರಿಚಯ ಮಾಡಿಸುವುದಿಲ್ಲ. ಅವರ ಮನೆತನ ಯಾವುದು, ಗುಣವೇನು, ಯಾರೊಡನೆ ನಂಟು ಎಂಬುದೇ ನಿಜವಾದ ಪರಿಚಯ. ಸಂಖ್ಯೆಗಳಿಗೂ ಮನೆತನವುಂಟು, ಗುಣವುಂಟು, ನಂಟುಂಟು. ಚದುರಂಗದ ಹಲಗೆಯ ಈ ಸಂಖ್ಯೆಯ ನಂಟುಗಳಂತೂ ಛಂದಶ್ಶಾಸ್ತ್ರದಿಂದ ಹಿಡಿದು ಯೂರೋಪಿನ ಮೂವರು ಮಹಾಮೇಧಾವಿಗಳವರೆಗೆ ಹರಡಿವೆ. ಕನ್ನಡದ ಅಧ್ಯಾಪಕನೊಬ್ಬನು ಗಣಿತದ ಅಂಗಳಕ್ಕೆ ಕಾಲಿಡುತ್ತಿರುವುದೇಕೆಂದು ಹುಬ್ಬೇರಿಸುವ ವಾಚಕರಿಗೆ, ಈ ದಾರಿ ನಮ್ಮ ಲಘು ಗುರುಗಳ ಅಂಗಳವನ್ನು ಹಾದೇ ಹೋಗುತ್ತದೆ ಎಂಬುದಷ್ಟೇ ನನ್ನ ಸಮಾಧಾನ.

ಕಥೆ ಎಲ್ಲಿಯದೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹದಿಮೂರನೆಯ ಶತಮಾನದ ಅರಬ್ಬೀ ಚರಿತ್ರಕಾರ ಇಬ್ನ್ ಖಲ್ಲಿಕಾನನು ಇದನ್ನು ಬರೆದಿಟ್ಟಿದ್ದಾನೆ. ಜಾಣನ ಹೆಸರು ಸಿಸ್ಸ. ಅವನಿಗಿಂತ ಎರಡು ಶತಮಾನಕ್ಕೂ ಹಿಂದೆ, ಕ್ರಿ. ಶ. 1000ರ ಸುಮಾರಿನಲ್ಲಿ, ಭಾರತವನ್ನು ಬಲ್ಲ ಮಹಾಪಂಡಿತ ಅಲ್‌ಬಿರೂನಿಯು ಈ ಲೆಕ್ಕವನ್ನು ಮಾಡಿ ತೋರಿಸಿದ್ದನು. ಲೆಕ್ಕದ ಫಲ ಹೀಗಿದೆ:

18446744073709551615.

ಇಪ್ಪತ್ತು ಅಂಕಿಗಳು. ನಮ್ಮ ರೂಢಿಯಲ್ಲಿ ಓದುವುದಾದರೆ 1,84,467 ಕೋಟಿ ಕೋಟಿ, ಅದರ ಮೇಲೆ 44,07,370 ಕೋಟಿ, ಅದರ ಮೇಲೆ 95,51,615. ಕೋಟಿ ಕೋಟಿ ಎಂದು ಎರಡು ಬಾರಿ ಹೇಳಬೇಕಾದ ದಾರಿದ್ರ್ಯ ಇಂದಿನ ನಮ್ಮದು. ಒಂಬತ್ತನೆಯ ಶತಮಾನದಲ್ಲಿ ಇದು ಇರಲಿಲ್ಲ. ನೃಪತುಂಗನೆಂದು ಹೆಸರಾದ ಅಮೋಘವರ್ಷನ ಆಳ್ವಿಕೆಯಲ್ಲಿ, ಕವಿರಾಜಮಾರ್ಗ ಹುಟ್ಟಿದ ಕಾಲದಲ್ಲಿಯೇ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅದರಲ್ಲಿ ಏಕ, ದಶ, ಶತದಿಂದ ಮೊದಲಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ. ಹತ್ತೊಂಬತ್ತನೆಯ ಸ್ಥಾನ ಶಂಖ, ಇಪ್ಪತ್ತನೆಯದು ಮಹಾಶಂಖ. ಸಿಸ್ಸನು ರಾಷ್ಟ್ರಕೂಟರ ಆಸ್ಥಾನಕ್ಕೆ ಬಂದು ಬೇಡಿದ್ದರೆ, ಅಲ್ಲಿಯ ಗಣಕನು “ಒಂದು ಮಹಾಶಂಖ, ಎಂಟು ಶಂಖ…” ಎಂದು ಉಸಿರು ಕಟ್ಟದೆ ಓದಿ ಹೇಳುತ್ತಿದ್ದನು. ಕೊಡುವುದು ಮಾತ್ರ ಅಮೋಘವರ್ಷನಿಂದಲೂ ಆಗುತ್ತಿರಲಿಲ್ಲ.

ಅರವತ್ತನಾಲ್ಕು ಮನೆಗಳ ಕಾಳುಗಳನ್ನು ಒಂದೊಂದಾಗಿ ಕೂಡಿಸುವ ಅಗತ್ಯವಿಲ್ಲ. ಮೊದಲ ಎರಡು ಮನೆಗಳಲ್ಲಿ ಒಟ್ಟು ಮೂರು ಕಾಳು, ಮೂರನೆಯದರಲ್ಲಿ ನಾಲ್ಕು. ಮೊದಲ ಮೂರರಲ್ಲಿ ಒಟ್ಟು ಏಳು; ನಾಲ್ಕನೆಯದರಲ್ಲಿ ಎಂಟು. ಎಲ್ಲಿಯೇ ನಿಂತರೂ, ಹಿಂದಿನ ಮನೆಗಳ ಒಟ್ಟು ಮೊತ್ತಕ್ಕಿಂತ ಮುಂದಿನ ಒಂದೇ ಮನೆಯಲ್ಲಿ ಒಂದು ಕಾಳು ಹೆಚ್ಚು. ಆದುದರಿಂದ ಅರವತ್ತನಾಲ್ಕು ಮನೆಗಳ ಮೊತ್ತ ಬೇಕೆಂದರೆ, ಹಲಗೆಯಲ್ಲಿಲ್ಲದ ಅರವತ್ತೈದನೆಯ ಮನೆಯೊಂದನ್ನು ಊಹಿಸಿಕೊಂಡು, ಅದರ ಕಾಳುಗಳಲ್ಲಿ ಒಂದನ್ನು ಕಳೆದರೆ ಸಾಕು. ಎರಡನ್ನು ಅರವತ್ತನಾಲ್ಕು ಬಾರಿ ತನ್ನಲ್ಲಿ ತಾನೇ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆಯುವುದು. ಅದೇ ಸಿಸ್ಸನ ಸಂಖ್ಯೆ. ಆ ಕಳೆದ ಒಂದರ ಮಹಿಮೆ ಮುಂದೆ ತಿಳಿಯುತ್ತದೆ.

ಗಾತ್ರದ ಮಾತನ್ನು ಬೇಗನೆ ಮುಗಿಸೋಣ. ಒಂದು ಗ್ರಾಮಿಗೆ ನಲವತ್ತು ಅಕ್ಕಿ ಕಾಳು ಎಂದು ಎಣಿಸಿಕೊಂಡರೆ ಇಡೀ ಹಲಗೆಯ ಅಕ್ಕಿ ಸುಮಾರು 46,000 ಕೋಟಿ ಟನ್ ಆಗುತ್ತದೆ. ಇಂದು ಲೋಕದಲ್ಲೆಲ್ಲ ಒಂದು ವರ್ಷಕ್ಕೆ ದೊರೆಯುವ ಅಕ್ಕಿ 50 ಕೋಟಿ ಟನ್ನಿಗೆ ತುಸು ಮಿಕ್ಕಿ ಇದೆ. ಎಂದರೆ ಸಿಸ್ಸನ ಬೇಡಿಕೆ ಎಂಟುನೂರು ವರ್ಷಕ್ಕೂ ಮೇಲ್ಪಟ್ಟ ಲೋಕದ ಬೆಳೆ. ಸ್ವಾರಸ್ಯವೆಂದರೆ, ಹಲಗೆಯ ಮೊದಲರ್ಧ, ಮೂವತ್ತೆರಡು ಮನೆಗಳು, ತುಂಬಲು ಬೇಕಾದುದು ಕೇವಲ 107 ಟನ್ನಿನಷ್ಟು. ಹತ್ತು ಹನ್ನೊಂದು ಲಾರಿಗಳ ಹೊರೆ. ಅಲ್ಲಿಯವರೆಗೆ ಅರಸನ ಉಗ್ರಾಣ ತಡೆದುಕೊಂಡಿರಬಹುದು. ಹಲಗೆಯ ನಡುಗೆರೆಯನ್ನು ದಾಟಿದ ಮೇಲೆಯೇ ಅನಾಹುತ. ಈ ನಡುಗೆರೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಈಗ ಲಘು ಗುರುಗಳ ಅಂಗಳಕ್ಕೆ ಬರೋಣ. ಪದ್ಯದ ಸಾಲಿನಲ್ಲಿ ಪ್ರತಿಯೊಂದು ಅಕ್ಷರವೂ ಲಘುವಾಗಿರಬೇಕು, ಇಲ್ಲವೆ ಗುರುವಾಗಿರಬೇಕು. ಒಂದು ಅಕ್ಷರಕ್ಕೆ ಎರಡು ಬಗೆ, ಎರಡು ಅಕ್ಷರಕ್ಕೆ ನಾಲ್ಕು, ಮೂರಕ್ಕೆ ಎಂಟು: ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಮಾತಾದಿ ಎಂಟು ಗಣಗಳು ಇವೇ. ಅಕ್ಷರವೊಂದು ಹೆಚ್ಚಿದರೆ ವಿನ್ಯಾಸಗಳು ಇಮ್ಮಡಿ. ಇದು ಚದುರಂಗದ ಹಲಗೆಯ ನಡಿಗೆಯೇ ಅಲ್ಲವೆ? ನಮ್ಮ ಪಂಪ ರನ್ನರು ಮೆರೆದ ಶಾರ್ದೂಲವಿಕ್ರೀಡಿತಕ್ಕೆ ಪಾದವೊಂದಕ್ಕೆ ಹತ್ತೊಂಬತ್ತು ಅಕ್ಷರ. ಹತ್ತೊಂಬತ್ತು ಅಕ್ಷರಗಳಿಗೆ ಸಾಧ್ಯವಾದ ವಿನ್ಯಾಸಗಳು 5,24,288. ಅಷ್ಟರಲ್ಲಿ ಒಂದನ್ನು ಕವಿಯ ಕಿವಿ ಆರಿಸಿಕೊಂಡಿತು ಎಂದು ನೆನೆದಾಗ ಆ ವೃತ್ತದ ಮೇಲಿನ ಗೌರವ ನನಗೆ ಇಮ್ಮಡಿಸುತ್ತದೆ.

ಕ್ರಿಸ್ತಶಕಕ್ಕೆ ಹಿಂದಿನವನೆಂದು ವಿದ್ವಾಂಸರು ಎಣಿಸುವ ಪಿಂಗಳನು ತನ್ನ ಛಂದಶ್ಶಾಸ್ತ್ರದಲ್ಲಿ ಈ ವಿನ್ಯಾಸಗಳ ಸಂಖ್ಯೆಯನ್ನು ಸುಲಭವಾಗಿ ತೆಗೆಯುವ ಉಪಾಯವೊಂದನ್ನು ಸೂತ್ರಗಳಲ್ಲಿ ಹೇಳಿದ್ದಾನೆ. ಅಕ್ಷರಗಳ ಸಂಖ್ಯೆಯನ್ನು ಅರ್ಧ ಮಾಡುತ್ತ ಇಳಿ. ಬೆಸ ಬಂದಲ್ಲಿ ಒಂದನ್ನು ಕಳೆ. ಮತ್ತೆ ಅದೇ ದಾರಿಯಲ್ಲಿ ಏರಿ ಬರುವಾಗ, ಅರ್ಧ ಮಾಡಿದಲ್ಲಿ ವರ್ಗ ಮಾಡು, ಒಂದನ್ನು ಕಳೆದಲ್ಲಿ ಎರಡರಿಂದ ಗುಣಿಸು. ಅರವತ್ತನಾಲ್ಕಕ್ಕೆ ಇದನ್ನು ಅನ್ವಯಿಸಿದರೆ ಅರ್ಧ ಮಾಡುವ ಕೆಲಸ ಆರು ಸಲ ಬರುತ್ತದೆ. ಏರುವಾಗ ಎರಡರಿಂದ ಹೊರಟು ಆರು ಸಲ ವರ್ಗ ಮಾಡಬೇಕು: 2, 4, 16, 256, 65,536, 4,29,49,67,296, ಆರನೆಯ ವರ್ಗಕ್ಕೆ ಅರವತ್ತೈದನೆಯ ಮನೆ. ಅರವತ್ತು ಗುಣಾಕಾರಗಳ ಶ್ರಮ ಆರಕ್ಕೆ ಇಳಿಯಿತು. ಈ ಆರು ಮೆಟ್ಟಿಲುಗಳನ್ನು ಪಿಂಗಳನ ಏಣಿ ಎಂದು ಕರೆಯೋಣ.

ಏಣಿಯ ತುದಿಯಲ್ಲಿ ನಿಂತು ಸಿಸ್ಸನ ಪಾಲಿಗೆ ಒಂದನ್ನು ಕಳೆದಾಗ ಏನಾಗುತ್ತದೆ? ಕಳೆಯುವ ಮೊದಲು ಆ ಸಂಖ್ಯೆಯಲ್ಲಿ ಎರಡರ ಹೊರತು ಬೇರಾವ ಅವಿಭಾಜ್ಯವೂ ಇಲ್ಲ. ಅದು ಏಕತಾನದ ಸಂಖ್ಯೆ. ಒಂದನ್ನು ಕಳೆದೊಡನೆ ಅದರ ಒಳಬಾಗಿಲು ತೆರೆಯುತ್ತದೆ. ಪ್ರೌಢಶಾಲೆಯ ಹುಡುಗರೆಲ್ಲ ಬಲ್ಲ ನಿಯಮವೊಂದುಂಟು: ಯಾವುದೇ ಸಂಖ್ಯೆಯ ವರ್ಗದಿಂದ ಒಂದನ್ನು ಕಳೆದರೆ, ಬರುವ ಸಂಖ್ಯೆ ಮೊದಲಿನದಕ್ಕಿಂತ ಒಂದು ಕಡಿಮೆಯಾದುದರ ಮತ್ತು ಒಂದು ಹೆಚ್ಚಾದುದರ ಗುಣಲಬ್ಧ. ಹತ್ತರ ವರ್ಗ ನೂರು. ತೊಂಬತ್ತೊಂಬತ್ತು ಎಂದರೆ ಒಂಬತ್ತು ಹನ್ನೊಂದಲೆ. ಸಿಸ್ಸನ ಸಂಖ್ಯೆಯೂ ಹಾಗೆಯೇ ಎರಡಾಗಿ ಒಡೆಯುತ್ತದೆ: 4,29,49,67,295 ಮತ್ತು 4,29,49,67,297. ಇವುಗಳಲ್ಲಿ ಮೊದಲನೆಯದು ಮತ್ತೆ ಅದೇ ನಿಯಮದಂತೆ ಒಡೆಯುತ್ತದೆ. ಅದರ ಚಿಕ್ಕ ಭಾಗ ಮತ್ತೆ. ಹೀಗೆ ಏಣಿಯ ಬುಡದವರೆಗೆ. ಕೊನೆಗೆ ಕೈಗೆ ಬರುವುದು ಇದು: ಸಿಸ್ಸನ ಸಂಖ್ಯೆ ಎಂದರೆ 3, 5, 17, 257, 65,537, 4,29,49,67,297 ಎಂಬ ಆರು ಸಂಖ್ಯೆಗಳ ಗುಣಲಬ್ಧ. ಪಿಂಗಳನ ಏಣಿಯ ಪ್ರತಿ ಮೆಟ್ಟಿಲಿಗೂ ಒಂದೊಂದನ್ನು ಕೂಡಿಸಿದರೆ ದೊರೆಯುವ ಸಂಖ್ಯೆಗಳೇ ಇವು ಎಂಬುದನ್ನು ವಾಚಕರು ಗಮನಿಸಿರಬೇಕು.

ಈ ಆರು ಸಂಖ್ಯೆಗಳ ಮುಂದೆ, ಚದುರಂಗವನ್ನಾಗಲಿ ಪಿಂಗಳನನ್ನಾಗಲಿ ನೆನೆಯದೆ, ಬೇರೊಂದು ದಾರಿಯಿಂದ ಬಂದು ನಿಂತವನು ಫ್ರಾನ್ಸಿನ ಫರ್ಮಾ. ವೃತ್ತಿಯಿಂದ ತುಲೂಸ್ ನಗರದ ನ್ಯಾಯಾಸ್ಥಾನದ ಅಧಿಕಾರಿ, ಬಿಡುವಿನಲ್ಲಿ ಗಣಿತಜ್ಞ, ಅವನ ಬಿಡುವು ಅನೇಕರ ಇಡೀ ಬಾಳಿಗಿಂತ ಫಲವತ್ತಾಗಿತ್ತು. 1640ರಲ್ಲಿ ಅವನು ಮಿತ್ರರಿಗೆ ಬರೆದ ಪತ್ರಗಳಲ್ಲಿ ಈ ಸಂಖ್ಯೆಗಳ ಪ್ರಸ್ತಾಪ ಬರುತ್ತದೆ. ಮೂರು ಅವಿಭಾಜ್ಯ, ಎಂದರೆ ತಾನು ಮತ್ತು ಒಂದರ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು. ಐದು ಅವಿಭಾಜ್ಯ, ಹದಿನೇಳು ಅವಿಭಾಜ್ಯ, 257 ಅವಿಭಾಜ್ಯ, 65,537 ಸಹ ಅವಿಭಾಜ್ಯವೇ. ಐದಕ್ಕೆ ಐದೂ ಸರಿ. ಏಣಿಯನ್ನು ಎಷ್ಟೇ ಎತ್ತರಕ್ಕೆ ಏರಿದರೂ ಹೀಗೆಯೇ ಇರುತ್ತದೆಂದು ಫರ್ಮಾ ನಂಬಿದನು. ಸಾಧನೆ ತನಗಿನ್ನೂ ಕೈಗೂಡಿಲ್ಲವೆಂಬುದನ್ನು ಮುಚ್ಚಿಡಲಿಲ್ಲ. ನಿಯಮದ ಸತ್ಯತೆಯಲ್ಲಿ ಮಾತ್ರ ಅವನಿಗೆ ಸಂದೇಹವಿರಲಿಲ್ಲ.

ಸುಮಾರು ತೊಂಬತ್ತು ವರ್ಷ ಆ ನಂಬಿಕೆ ಅಲುಗದೆ ನಿಂತಿತು. 1729ರಲ್ಲಿ ಗೋಲ್ಡ್‌ಬಾಖ್ ಎಂಬ ವಿದ್ವಾಂಸನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಆಯ್ಲರನಿಗೆ ಪತ್ರ ಬರೆದು, ಫರ್ಮಾನ ಈ ಮಾತನ್ನು ಬಲ್ಲಿರಾ ಎಂದು ವಿಚಾರಿಸಿದನು. ಮೂರು ವರ್ಷಗಳ ಬಳಿಕ, 1732ರಲ್ಲಿ, ಇಪ್ಪತ್ತೈದು ವಯಸ್ಸಿನ ಆಯ್ಲರನು ಉತ್ತರವನ್ನು ಪ್ರಕಟಿಸಿದನು: ಆರನೆಯ ಸಂಖ್ಯೆ 4,29,49,67,297 ಅವಿಭಾಜ್ಯವಲ್ಲ, ಅದು 641 ಮತ್ತು 67,00,417 ಎಂಬೆರಡರ ಗುಣಲಬ್ಧ. ಕಾಗದ ಪೆನ್ಸಿಲು ಹಿಡಿದು ಗುಣಿಸಿ ನೋಡಲು ಯಾರಿಗೂ ಐದು ನಿಮಿಷ ಸಾಕು.

641 ಅವನಿಗೆ ಹೊಳೆದುದು ಹೇಗೆ? ಕುರುಡಾಗಿ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸುತ್ತ ಹೋದರೆ 641 ಎಂಬುದು ಸಾಲಿನಲ್ಲಿ 116ನೆಯದು. ಆಯ್ಲರನು ಕುರುಡಾಗಿ ನಡೆಯಲಿಲ್ಲ. ಈ ಸಂಖ್ಯೆಗೆ ಅಪವರ್ತನವೆಂಬುದೇನಾದರೂ ಇದ್ದರೆ, ಅಂತಹ ಅವಿಭಾಜ್ಯವನ್ನು 64ರಿಂದ ಭಾಗಿಸಿದಾಗ ಶೇಷ ಒಂದೇ ಉಳಿಯಬೇಕೆಂದು ಅವನು ಮುಂದೆ ಸಾಧಿಸಿ ತೋರಿಸಿದನು. ಆ ಜರಡಿಯಲ್ಲಿ ಹಾದು ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯಿತು! ಜರಡಿಯ ಹೆಸರು ಅರವತ್ತನಾಲ್ಕು ಎಂಬುದನ್ನು ಚದುರಂಗದ ಪ್ರೇಮಿಗಳು ಕಾಕತಾಳೀಯವೆಂದು ಸವಿಯಬಹುದು.

ದೀರ್ಘ ಗುಣಾಕಾರದ ಬೇಸರವಿಲ್ಲದೆಯೂ ಇದನ್ನು ಕಾಣಬಹುದು. 641 ಎಂದರೆ 625 ಮತ್ತು 16ರ ಮೊತ್ತ. ಅದೇ 641 ಎಂದರೆ 640ಕ್ಕಿಂತ ಒಂದು ಹೆಚ್ಚು. ಎರಡರ ಇಪ್ಪತ್ತೆಂಟನೆಯ ಘಾತದಿಂದ 625ನ್ನು ಗುಣಿಸಿದರೆ ಸರಿಯಾಗಿ 640ರ ನಾಲ್ಕನೆಯ ಘಾತ ಬರುತ್ತದೆ. 16ನ್ನು ಗುಣಿಸಿದರೆ ಎರಡರ ಮೂವತ್ತೆರಡನೆಯ ಘಾತ ಬರುತ್ತದೆ. ಆದಕಾರಣ ಈ ಎರಡು ಘಾತಗಳ ಮೊತ್ತವನ್ನು 641 ಭಾಗಿಸುತ್ತದೆ. ಇತ್ತ 640ರ ನಾಲ್ಕನೆಯ ಘಾತದಿಂದ ಒಂದನ್ನು ಕಳೆದರೆ, ಮೇಲೆ ಹೇಳಿದ ವರ್ಗದ ನಿಯಮದಂತೆಯೇ, ಅದನ್ನೂ 641 ಭಾಗಿಸುತ್ತದೆ. ಮೊದಲಿನದರಿಂದ ಎರಡನೆಯದನ್ನು ಕಳೆಯಿರಿ. ಉಳಿಯುವುದು ಎರಡರ ಮೂವತ್ತೆರಡನೆಯ ಘಾತ ಮತ್ತು ಒಂದು: ಫರ್ಮಾನ ಆರನೆಯ ಸಂಖ್ಯೆ. ಎರಡನ್ನೂ ಭಾಗಿಸುವುದು ಅವುಗಳ ಅಂತರವನ್ನೂ ಭಾಗಿಸಲೇಬೇಕು. ನ್ಯಾಯಾಲಯದಲ್ಲಿ ಇಷ್ಟು ಚಿಕ್ಕ ವಾದದಿಂದ ಇಷ್ಟು ದೊಡ್ಡ ಮೊಕದ್ದಮೆ ಮುಗಿದುದುಂಟೋ ಇಲ್ಲವೋ!

ಹೀಗೆ ಸಿಸ್ಸನ ಸಂಖ್ಯೆಯ ಮನೆತನ ಪೂರ್ತಿಯಾಗಿ ತಿಳಿಯಿತು: 3, 5, 17, 257, 641, 65,537, 67,00,417. ಏಳು ಅವಿಭಾಜ್ಯಗಳು, ಯಾವುದೂ ಎರಡು ಬಾರಿ ಬಂದಿಲ್ಲ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 128. ಮೂವರು ಮಕ್ಕಳಿಗೆ ಕಾಳುಗಳನ್ನು ಹಂಚಿದರೆ ಜಗಳವಿಲ್ಲ, ಐವರಿಗೆ ಹಂಚಿದರೂ ಜಗಳವಿಲ್ಲ. ಏಳು ಮಂದಿಗೆ ಹಂಚಿದರೆ ಮಾತ್ರ ಒಂದು ಕಾಳು ಉಳಿದು ಮನಸ್ತಾಪಕ್ಕೆ ಕಾರಣವಾದೀತು.

ಫರ್ಮಾನ ಊಹೆ ಬಿದ್ದುಹೋಯಿತು. ಆದರೆ ಅವನು ಆರಿಸಿದ ಸಂಖ್ಯೆಗಳ ಭಾಗ್ಯ ಅಲ್ಲಿಗೆ ಮುಗಿಯಲಿಲ್ಲ. ಕೈವಾರ ಮತ್ತು ಗೆರೆ ಎಳೆಯುವ ಪಟ್ಟಿ, ಇವೆರಡರಿಂದಲೇ ಸಮಭುಜಗಳುಳ್ಳ ಆಕೃತಿಗಳನ್ನು ರಚಿಸುವುದು ಪ್ರಾಚೀನ ಗ್ರೀಕರ ವಿನೋದ. ತ್ರಿಭುಜ, ಪಂಚಭುಜ, ಹದಿನೈದು ಭುಜಗಳ ಆಕೃತಿ, ಮತ್ತು ಇವುಗಳ ಭುಜಗಳನ್ನು ಇಮ್ಮಡಿಸಿದವು ಅವರಿಗೆ ತಿಳಿದಿದ್ದುವು. ಅದರಾಚೆಗೆ ಎರಡು ಸಾವಿರ ವರ್ಷ ಯಾರೂ ಹೆಜ್ಜೆಯಿಡಲಿಲ್ಲ. 1796ರ ಮಾರ್ಚ್ 30ರಂದು, ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿದ್ದ ಗೌಸ್ ಎಂಬ ಜರ್ಮನ್ ವಿದ್ಯಾರ್ಥಿ, ಹದಿನೇಳು ಭುಜಗಳ ಆಕೃತಿಯನ್ನು ರಚಿಸುವುದು ಸಾಧ್ಯವೆಂದು ಕಂಡುಕೊಂಡನು. ಅವನ ದಿನಚರಿಯ ಮೊಟ್ಟಮೊದಲ ಬರೆಹ ಇದೇ. ಅಲ್ಲಿಯವರೆಗೆ ಅವನು ಭಾಷಾಶಾಸ್ತ್ರವನ್ನು ಹಿಡಿಯಬೇಕೇ, ಗಣಿತವನ್ನು ಹಿಡಿಯಬೇಕೇ ಎಂದು ತೂಗಾಡುತ್ತಿದ್ದನು. ಹದಿನೇಳು ಅವನನ್ನು ಗಣಿತಕ್ಕೆ ಸೆಳೆದುಕೊಂಡಿತು. ಭಾಷೆಯ ಅಧ್ಯಾಪಕರಾದ ನಮಗೆ ಇದರಿಂದಾದ ನಷ್ಟವನ್ನು ಊಹಿಸಿ ನಿಟ್ಟುಸಿರು ಬಿಡಬಹುದು. ಲೋಕಕ್ಕಾದ ಲಾಭಕ್ಕೆ ಎಣೆಯಿಲ್ಲ.

ಗೌಸನು 1801ರ ತನ್ನ ಗ್ರಂಥದಲ್ಲಿ ತೋರಿಸಿದುದು ಇನ್ನೂ ಅಚ್ಚರಿಯದು. ಬೆಸ ಸಂಖ್ಯೆಯ ಭುಜಗಳುಳ್ಳ ಆಕೃತಿಯನ್ನು ಕೈವಾರ ಪಟ್ಟಿಗಳಿಂದ ರಚಿಸುವ ಶಕ್ತಿ ಇರುವುದು ಫರ್ಮಾನ ಅವಿಭಾಜ್ಯಗಳಲ್ಲಿ, ಮತ್ತು ಅವುಗಳಲ್ಲಿ ಬೇರೆ ಬೇರೆಯವನ್ನು ಗುಣಿಸಿದ ಫಲಗಳಲ್ಲಿ. ಬೇರಾವ ಬೆಸ ಸಂಖ್ಯೆಗೂ ಇದು ಆಗದೆಂಬುದನ್ನು ವಾಂಟ್ಸೆಲ್ ಎಂಬವನು 1837ರಲ್ಲಿ ಸಾಧಿಸಿದನು. ತಿಳಿದಿರುವ ಐದು ಅವಿಭಾಜ್ಯಗಳಿಂದ ದೊರೆಯುವ ಇಂತಹ ಬೆಸ ಆಕೃತಿಗಳು ಮೂವತ್ತೊಂದು. ಹೆರ್ಮೆಸ್ ಎಂಬ ಜರ್ಮನ್ ಅಧ್ಯಾಪಕನು 65,537 ಭುಜಗಳ ರಚನೆಯ ಹಿಂದೆ ಹತ್ತು ವರ್ಷ ಬಿದ್ದು, 1894ರಲ್ಲಿ ಮುಗಿಸಿ, ಹಸ್ತಪ್ರತಿಯನ್ನು ಗ್ಯೊಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದನು. ಮೂವತ್ತೊಂದರಲ್ಲಿ ಅತಿ ದೊಡ್ಡದು ಐದನ್ನೂ ಗುಣಿಸಿದ ಫಲ: 4,29,49,67,295 ಭುಜಗಳು.

ಈ ಸಂಖ್ಯೆಯನ್ನು ಎಲ್ಲಿಯೋ ಕಂಡಂತಿದೆಯಲ್ಲವೆ? ಇದು ಚದುರಂಗದ ಹಲಗೆಯ ಮೊದಲರ್ಧದ, ಮೂವತ್ತೆರಡು ಮನೆಗಳ, ಕಾಳುಗಳ ಮೊತ್ತ. ಅರಸನ ಉಗ್ರಾಣ ತಡೆದುಕೊಂಡ ಆ ಹತ್ತು ಹನ್ನೊಂದು ಲಾರಿಗಳ ಹೊರೆ! ನಡುಗೆರೆಯವರೆಗಿನ ಹಲಗೆ ಗೌಸನ ವೈಭವಕ್ಕೆ ಸೇರಿದ್ದು. ಅದನ್ನು ಪೂರ್ಣ ಹಲಗೆಯಾಗಿಸಲು ಗುಣಿಸಬೇಕಾದ ಸಂಖ್ಯೆ 4,29,49,67,297. ಫರ್ಮಾನು ಎಡವಿದ ಕಲ್ಲು ಅದೇ. ಅರಸನು ಸೋತುದೂ ಗಣಿತಜ್ಞನು ಸೋತುದೂ ಅದೇ ಗೆರೆಯನ್ನು ದಾಟಿದ ಮೇಲೆ.

ನಮ್ಮ ಕಾಲದಲ್ಲಿ ಸಿಸ್ಸನ ಸಂಖ್ಯೆ ಮನೆಮನೆಗೂ ಬಂದು ಕುಳಿತಿದೆ. ಕಂಪ್ಯೂಟರಿಗೆ ತಿಳಿದಿರುವುದು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳು. ಛಂದಸ್ಸಿಗೆ ಗುರು, ಲಘು ಇರುವಂತೆ. ಇಂದು ಕಿಸೆಯಲ್ಲಿ ಒಯ್ಯುವ ಫೋನಿನಲ್ಲಿಯೂ ಅಂಕಿಗಳು ಅರವತ್ತನಾಲ್ಕು ಸ್ಥಾನಗಳ ಗುಂಪಾಗಿ ನಡೆಯುತ್ತವೆ. ಅರವತ್ತನಾಲ್ಕರಲ್ಲಿಯೂ ಒಂದನ್ನೇ ತುಂಬಿದಾಗ ಬರುವ, ಆ ಗುಂಪು ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಸಂಖ್ಯೆ ಸಿಸ್ಸನು ಬೇಡಿದ್ದೇ.

ಫರ್ಮಾನ ಏಣಿಯ ಮುಂದಿನ ಮೆಟ್ಟಿಲು ಸಿಸ್ಸನ ಸಂಖ್ಯೆಗಿಂತ ಎರಡೇ ಹೆಚ್ಚು: 18446744073709551617. ಅದೂ ಅವಿಭಾಜ್ಯವಲ್ಲ. ಎಂಬತ್ತರ ಆಸುಪಾಸಿನಲ್ಲಿದ್ದ ಫ್ರಾನ್ಸಿನ ಲಾಂದ್ರಿ 1880ರಲ್ಲಿ ಅದರ ಅಪವರ್ತನಗಳನ್ನು ಪ್ರಕಟಿಸಿದನು; ಅವುಗಳಲ್ಲಿ ಚಿಕ್ಕದು 2,74,177. ಆಮೇಲಿನ ಇಪ್ಪತ್ತಾರು ಮೆಟ್ಟಿಲುಗಳೂ ಒಂದರ ಮೇಲೊಂದರಂತೆ ಪರೀಕ್ಷೆಯಲ್ಲಿ ಸೋತಿವೆ. ಐದರ ಬಳಿಕ ಆರನೆಯ ಅವಿಭಾಜ್ಯವೊಂದು ಮೇಲೆಲ್ಲಿಯೋ ಅಡಗಿದೆಯೇ, ಅಥವಾ ಇಲ್ಲವೇ ಇಲ್ಲವೇ ಎಂಬುದನ್ನು ಯಾರೂ ಇನ್ನೂ ಸಾಧಿಸಿಲ್ಲ. ಇಷ್ಟು ಸೋಲುಗಳನ್ನು ಕಂಡ ಬಳಿಕ “ಇನ್ನಿಲ್ಲ” ಎಂದು ಹೇಳಿಬಿಡುವುದು ಸುಲಭ. ಆದರೆ ಐದು ಗೆಲುವುಗಳನ್ನು ಕಂಡು “ಎಂದೆಂದಿಗೂ ಹೀಗೆಯೇ” ಎಂದುದಕ್ಕೂ ಇದಕ್ಕೂ ಏನು ಭೇದ?

ನಾವಾದರೋ ದಿನನಿತ್ಯದಲ್ಲಿ ಐದರವರೆಗೂ ಕಾಯುವವರಲ್ಲ. ಒಂದು ಊರಿನ ಇಬ್ಬರು ಮೋಸ ಮಾಡಿದರೆ ಊರಿಗೆ ಊರೇ ಮೋಸದ್ದೆನ್ನುತ್ತೇವೆ. ಹುಡುಗನೊಬ್ಬ ಎರಡು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರೆ ಅವನ ಹಣೆಬರಹವನ್ನೇ ಓದಿ ಮುಗಿಸುತ್ತೇವೆ. ಫರ್ಮಾನಂತಹ ಮೇಧಾವಿಗೇ ಐದು ಸಾಕ್ಷಿಗಳು ಸಾಲದೆ ಹೋದವು. ಹಲಗೆಯನ್ನು ಹಾಸಿಕೊಂಡು ಮನೆಯ ಮಕ್ಕಳಿಗೆ ಕಾಳಿನ ಕಥೆಯನ್ನು ಹೇಳುವಾಗ ಅದರ ಗಾತ್ರದ ಬೆರಗಿನ ಜೊತೆಗೆ ಆರನೆಯ ಸಂಖ್ಯೆಯ ಪಾಠವನ್ನೂ ಒಂದಿಷ್ಟು ಸೇರಿಸಿ ಹೇಳಬಹುದು. ಕಥೆ ಕೊಂಚ ಉದ್ದವಾಗುತ್ತದೆ. ನಿದ್ದೆ ಕೊಂಚ ತಡವಾದರೂ ಚಿಂತೆಯಿಲ್ಲ.